ಪೊಟ್ಟಣ ಒಡೆಯದ ಹೋಸ್ ಪೈಪು ಮತ್ತು ಆಗುಂಬೆಯ ಇಳಿಜಾರು

ಹಳೆಯ ಕಾರುಗಳಿಗೆ ಮರುಜೀವ ಕೊಡುವ ನಮ್ಮ ವರ್ಕ್‌ಶಾಪಿನಲ್ಲಿ ಜಾಬ್ ಕಾರ್ಡಿನ ಕ್ರಮ ಬಹುಕಾಲ ಒಂದೇ ರೀತಿ ಇತ್ತು. ಮೊದಲು ಟಿಂಕರಿಂಗ್, ನಂತರ ಪೇಂಟ್, ಆಮೇಲೆ ಎಂಜಿನ್, ಗೇರ್‌ಬಾಕ್ಸ್, ಕ್ರೋಮ್, ಸೀಟು, ವೈರಿಂಗ್. ಬ್ರೇಕಿನ ಕೆಲಸ ಕೊನೆಯ ಸಾಲಿನಲ್ಲಿ ಬರುತ್ತಿತ್ತು. ಆ ಸಾಲಿಗೆ ಬರುವ ಹೊತ್ತಿಗೆ ಗ್ರಾಹಕರ ಹಣವೂ ತಾಳ್ಮೆಯೂ ತೀರುತ್ತ ಬಂದಿರುತ್ತವೆ, ಯಜಮಾನರು ಡೆಲಿವರಿಗೆ ದಿನ ಕೊಟ್ಟಾಗಿರುತ್ತದೆ. ಬಾಗಿಲಿನ ಅಂಚಿನ ಸಂದು ಒಂದು ಕೂದಲೆಳೆ ಹೆಚ್ಚಾದರೂ ವಾರಗಟ್ಟಲೆ ಚರ್ಚೆ ಮಾಡುವವರು ಚಕ್ರದೊಳಗೆ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಈ ಕ್ರಮ ತಪ್ಪೆಂದು ನನಗೆ ಮನದಟ್ಟಾದದ್ದು ಒಂದು ಅಂಬಾಸಿಡರ್ ಗಾಡಿಯಿಂದ.

ಅದು 1967ರ ಮಾರ್ಕ್ 2. ಉಡುಪಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ತಂದೆಯವರು ಓಡಿಸುತ್ತಿದ್ದ ಕಾರು. ಮೈಸೂರು ರಾಜ್ಯದ ಕಾಲದ, ಎಂವೈ ಎಂದು ಆರಂಭವಾಗುವ ನಂಬರ್ ಪ್ಲೇಟ್ ಇನ್ನೂ ಅದರ ಮೇಲಿತ್ತು. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ರೂಪುಗೊಂಡ ಅಂಬಾಸಿಡರ್ 2014ರವರೆಗೂ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಿಂದ ಹೊರಬರುತ್ತಿದ್ದುದರಿಂದ ಅದರ ಸಾಮಾನ್ಯ ಬಿಡಿಭಾಗಗಳಿಗೆ ಬರವಿಲ್ಲ. ಆದರೆ ಮಾರ್ಕ್ 2ರ ಗ್ರಿಲ್, ಡ್ಯಾಶ್‌ಬೋರ್ಡ್, ಲ್ಯಾಂಪಿನ ರಿಂಗುಗಳಂಥವನ್ನು ಗುಜರಿ ಗುಜರಿ ಅಲೆದೇ ತರಬೇಕು. ಕರಾವಳಿಯ ಉಪ್ಪುಗಾಳಿಗೆ ನೆಲದ ತಗಡು ಮತ್ತು ಬಾಗಿಲ ಕೆಳಗಿನ ಪಟ್ಟಿ ಪೂರ್ತಿ ತಿಂದುಹೋಗಿದ್ದವು. 1489 ಸಿಸಿಯ ಬಿಎಂಸಿ ಎಂಜಿನ್ನಿಗೆ ರೀಬೋರ್ ಮಾಡಿಸಿದೆವು. ಬಣ್ಣಕ್ಕಾಗಿ ಮೇಷ್ಟ್ರು ಡಿಕ್ಕಿಯ ಒಳಬದಿಯಲ್ಲಿ ಬಿಸಿಲು ತಾಗದೆ ಉಳಿದಿದ್ದ ಅಂಗೈಯಗಲದ ಹಳೆಯ ಪೇಂಟನ್ನೇ ಮಾದರಿಯಾಗಿ ಕೊಟ್ಟರು. ಗಾಡಿಯನ್ನು ಅವರು ಪ್ರೀತಿಸುತ್ತಿದ್ದ ರೀತಿ ನಮ್ಮೆಲ್ಲರಿಗೂ ತಟ್ಟಿತ್ತು. ಅಂಥ ಗ್ರಾಹಕರಿಗೆ ಕೆಲಸ ಮಾಡುವುದು ಈ ವೃತ್ತಿಯ ದೊಡ್ಡ ಸಂತೋಷ.

ಮೇಷ್ಟ್ರು ಒಂದು ದಿನ ಮೂರು ಪೊಟ್ಟಣಗಳನ್ನು ತಂದು ನನ್ನ ಕೈಗಿಟ್ಟರು. ಬೆಂಗಳೂರಿನ ಹಳೆಯ ಸ್ಪೇರ್ಸ್ ಅಂಗಡಿಯೊಂದರ ಅಟ್ಟದ ಮೇಲೆ ದಶಕಗಳಿಂದ ಕೂತಿದ್ದ, ಒಮ್ಮೆಯೂ ಒಡೆಯದ ಬ್ರೇಕ್ ಹೋಸ್ ಪೈಪುಗಳು, ಅಂದರೆ ಪೆಡಲಿನ ಒತ್ತಡವನ್ನು ಒಯ್ಯುವ ಬ್ರೇಕ್ ಫ್ಲೂಯಿಡ್ ಚಕ್ರಕ್ಕೆ ಹರಿಯುವ ರಬ್ಬರಿನ ಕೊಳವೆಗಳು ಅವು: ಮುಂದಿನ ಎರಡು ಚಕ್ರಗಳಿಗೆ ತಲಾ ಒಂದು, ಹಿಂದಿನ ಆಕ್ಸಲ್ಲಿಗೆ ಒಂದು. ಮೇಣದ ಕಾಗದದೊಳಗೆ ರಬ್ಬರು ಕಪ್ಪಗೆ ಹೊಳೆಯುತ್ತಿತ್ತು, ಬಾಗಿಸಿದರೆ ಎಲ್ಲೂ ಬಿರುಕು ಕಾಣಲಿಲ್ಲ, ಹಿತ್ತಾಳೆಯ ತುದಿಗಳಲ್ಲಿ ಒಂದು ಗೀರೂ ಇರಲಿಲ್ಲ. ಒರಿಜಿನಲ್ ಮಾಲು ಸಿಕ್ಕಿತೆಂದು ಅವರಿಗಾದಷ್ಟೇ ಸಂತೋಷ ನನಗೂ ಆಯಿತು. ವೀಲ್ ಸಿಲಿಂಡರುಗಳಿಗೂ ಪೆಡಲ್ ಒತ್ತಿದಾಗ ಒತ್ತಡ ಹುಟ್ಟಿಸುವ ಮಾಸ್ಟರ್ ಸಿಲಿಂಡರಿಗೂ ಹೊಸ ಕಿಟ್, ಚಕ್ರದ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂಗಳಿಗೆ ಹೊಸ ಲೈನಿಂಗ್, ತಿರುಗಿಸಿ ಸಮ ಮಾಡಿಸಿದ ಡ್ರಮ್ಮುಗಳು, ಇವುಗಳ ಜೊತೆಗೆ ಆ ಮೂರು ಹೋಸುಗಳನ್ನೂ ಹಾಕಿ ಮುಗಿಸಿದೆವು.

ಬ್ರೇಕಿನ ಪೈಪುಗಳಿಂದ ಏರ್ ತೆಗೆಯುವಾಗ, ಅದು ಹೊರಬರುವ ಚಕ್ರದ ನಿಪ್ಪಲ್ ಹತ್ತಿರ ಕೂತಿದ್ದ ನನ್ನ ಸಹಾಯಕ ಹುಡುಗ, "ಅಣ್ಣ, ಎಡಗಡೆ ಮುಂದಿಂದು ನಿಧಾನ ಬರ್ತಾ ಇದೆ" ಎಂದ. ನಾನು ನಿಪ್ಪಲ್ ಬಿಚ್ಚಿಸಿ, ಅದರ ತೂತನ್ನು ತಂತಿಯಿಂದ ಚೊಕ್ಕಟ ಮಾಡಿಸಿದೆ. ನಂತರವೂ ಹರಿವು ಹೆಚ್ಚೇನೂ ಬದಲಾಗಲಿಲ್ಲ. ಆದರೆ ಗುಳ್ಳೆ ಬರುವುದು ನಿಂತಿತ್ತು, ಪೆಡಲ್ ಗಟ್ಟಿಯಾಗಿತ್ತು, ಗಾಡಿಯನ್ನು ಮರುದಿನ ಬೆಳಿಗ್ಗೆಯೇ ಹೊರಡಿಸಬೇಕಿತ್ತು. ಮೇಷ್ಟ್ರ ಮನೆಯಲ್ಲಿ ಪೂಜೆಗೆ ಗಳಿಗೆ ನೋಡಿಯಾಗಿತ್ತು. ಗಾಡಿಯನ್ನು ಟ್ರಕ್ಕಿನಲ್ಲಿ ಕಳಿಸೋಣವೆಂದರೆ ಬಾಡಿಗೆ ಏಕೆ ದಂಡ, ಓಡಿಸಿಕೊಂಡೇ ಹೋದರೆ ರೋಡ್ ಟೆಸ್ಟೂ ಆದಂತಾಗುತ್ತದೆ ಎಂದು ಯಜಮಾನರು ಹೇಳಿದರು. ರೋಡ್ ಟೆಸ್ಟೂ ಡೆಲಿವರಿಯೂ ಒಂದೇ ಪ್ರಯಾಣದಲ್ಲಿ ಆಗಬಾರದೆಂಬ ಮಾತನ್ನು ಅಂದೇ ಪಟ್ಟುಹಿಡಿದು ಹೇಳಬೇಕಿತ್ತು. ಹೇಳಲಿಲ್ಲ.

ಶಿವಮೊಗ್ಗದಿಂದ ಮಂಡಗದ್ದೆ ದಾಟಿ ತೀರ್ಥಹಳ್ಳಿಯವರೆಗೆ ಗಾಡಿ ಚೆನ್ನಾಗಿಯೇ ಓಡಿತು. ತುಂಗೆಯ ಬದಿಯ ಆ ರಸ್ತೆಯಲ್ಲಿ ಬ್ರೇಕ್ ಒತ್ತುವ ಸಂದರ್ಭ ಕಡಿಮೆ. ಆದರೂ ಒತ್ತಿದಾಗ ಗಾಡಿ ಕ್ಷಣಕಾಲ ಬಲಕ್ಕೆ ಸರಿದು, ಕಾಲು ತೆಗೆದ ಮೇಲೆ ಎಡಕ್ಕೆ ಎಳೆಯುತ್ತಿತ್ತು. ಹೊಸದಾಗಿ ಹಾಕಿದ್ದ 5.90-15 ಟೈರುಗಳು ಇನ್ನೂ ಹೊಂದಿಕೊಂಡಿಲ್ಲ, ರಸ್ತೆಯ ಅಂಚೂ ಎಡಕ್ಕೆ ಇಳಿಜಾರಾಗಿದೆ ಎಂದು ನಾನು ಅರ್ಥ ಮಾಡಿಕೊಂಡೆ. ಈಗ ಯಾರಾದರೂ ಈ ಲಕ್ಷಣ ಹೇಳಿದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಲು ಹೇಳುತ್ತೇನೆ. ಒತ್ತಿದಾಗ ಒಂದು ಚಕ್ರ ತಡವಾಗಿ ಹಿಡಿದು, ಬಿಟ್ಟಾಗ ಅದೇ ಚಕ್ರ ತಡವಾಗಿ ಬಿಡುತ್ತದೆಯೆಂದರೆ ಆ ಚಕ್ರಕ್ಕೆ ಹೋಗುವ ದಾರಿ ಕಟ್ಟಿದೆ ಎಂದೇ ಅರ್ಥ. ಟೈರಿನಿಂದಾಗಲಿ ಅಲೈನ್‌ಮೆಂಟಿನಿಂದಾಗಲಿ ಎಳೆತ ಹೀಗೆ ದಿಕ್ಕು ಬದಲಿಸುವುದಿಲ್ಲ.

ಆಗುಂಬೆಯ ಘಾಟಿಯಲ್ಲಿ ಸೋಮೇಶ್ವರದ ಕಡೆಗೆ ಇಳಿಯುವಾಗ 14 ಹೇರ್‌ಪಿನ್ ತಿರುವುಗಳಿವೆ. ಸೂರ್ಯಾಸ್ತ ವೀಕ್ಷಣೆಯ ಕಟ್ಟೆ ದಾಟಿ ಸೆಕೆಂಡ್ ಗೇರಿನಲ್ಲಿ ಇಳಿಯತೊಡಗಿದೆ. ಮೊದಲ ತಿರುವುಗಳಲ್ಲಿ ತೊಂದರೆಯಿರಲಿಲ್ಲ. ಸ್ವಲ್ಪ ಕೆಳಗೆ ಬಂದಾಗ ಹುಡುಗ ಕಿಟಕಿಯಿಂದ ತಲೆ ಹೊರಹಾಕಿ, "ಅಣ್ಣ, ಲೈನಿಂಗ್ ಸುಟ್ಟ ವಾಸನೆ" ಎಂದ. ಹೊಸ ಲೈನಿಂಗ್ ಕೂರುವಾಗ ವಾಸನೆ ಬರುವುದುಂಟು, ಮುಂದಿನ ಅಗಲವಾದ ಜಾಗದಲ್ಲಿ ನಿಲ್ಲಿಸೋಣ ಎಂದೆ. ಅದರ ನಂತರದ ತಿರುವಿಗೆ ಪೆಡಲ್ ಅರ್ಧದವರೆಗೆ ಮೆತ್ತಗೆ ಇಳಿಯಿತು. ಮತ್ತೊಂದಕ್ಕೆ ನೆಲ ಮುಟ್ಟಿತು.

ಆ ಗಾಡಿಯ ಹೈಡ್ರಾಲಿಕ್ ಬ್ರೇಕು ಒಂದೇ ಸರ್ಕ್ಯೂಟಿನದು. ಮಾಸ್ಟರ್ ಸಿಲಿಂಡರಿನಿಂದ ಹೊರಟ ಒತ್ತಡ ನಾಲ್ಕು ಚಕ್ರಗಳಿಗೂ ಒಂದೇ ದಾರಿಯಿಂದ ಹಂಚಿಕೆಯಾಗುತ್ತದೆ. ಬಿಸಿಗೆ ಫ್ಲೂಯಿಡ್ ಕುದಿದು ಎಲ್ಲಿಯೇ ಆವಿ ತುಂಬಿದರೂ ನಾಲ್ಕಕ್ಕೂ ಒತ್ತಡ ತಪ್ಪುತ್ತದೆ. ಪೆಡಲನ್ನು ಬೇಗ ಬೇಗ ಪಂಪ್ ಮಾಡಿದಾಗ ಸ್ವಲ್ಪ ಹಿಡಿತ ಸಿಕ್ಕಿತು, ಸಾಕಾಗಲಿಲ್ಲ. ಫಸ್ಟ್ ಗೇರಿಗೆ ತರಬೇಕೆಂದರೆ ಈ ಗಾಡಿಯ ಫಸ್ಟಿಗೆ ಸಿಂಕ್ರೋಮೆಶ್, ಅಂದರೆ ಗೇರುಗಳ ವೇಗವನ್ನು ತಾನೇ ಹೊಂದಿಸುವ ವ್ಯವಸ್ಥೆ, ಇಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಹಾಕಬೇಕು. ಅಷ್ಟು ಹೊತ್ತು ಗಾಡಿ ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತವಿಲ್ಲದೆ ಓಡುತ್ತದೆ. ಗೇರು ಬೀಳದಿದ್ದರೆ ಸೆಕೆಂಡಿನ ಹಿಡಿತವನ್ನೂ ಕಳೆದುಕೊಂಡಂತೆ. ನಾನು ಮೊದಲು ಹ್ಯಾಂಡ್‌ಬ್ರೇಕನ್ನು ಎಳೆದು ವೇಗ ತಗ್ಗಿಸಿದೆ, ಅದು ಕೇಬಲ್ಲಿನ ಮೂಲಕ ಹಿಂದಿನ ಶೂಗಳನ್ನು ಹಿಡಿಯುತ್ತದೆಯೇ ಹೊರತು ಫ್ಲೂಯಿಡ್ಡಿನ ಮೇಲೆ ಅವಲಂಬಿಸಿಲ್ಲ. ಅಷ್ಟರಲ್ಲಿ ಕೆಳಗಿನ ತಿರುವಿನಿಂದ ಮಿನಿಬಸ್ಸೊಂದು ಹತ್ತಿ ಬಂತು. ಹುಡುಗ ಕೈ ಹೊರಗೆ ಚಾಚಿ ಕೂಗುತ್ತಿದ್ದ, ನಾನು ಹಾರ್ನ್ ಒತ್ತಿ ಹಿಡಿದು ಲೈಟ್ ಹಾಕಿದೆ. ಆ ಚಾಲಕರು ಅನುಭವಿಗಳು. ಏನಾಗಿದೆಯೆಂದು ಊಹಿಸಿ, ತಿರುವಿಗೆ ಮುಂಚೆಯೇ ಬಸ್ಸನ್ನು ಅಂಚಿಗೆ ಒತ್ತಿ ನಿಲ್ಲಿಸಿ ದಾರಿ ಬಿಟ್ಟರು. ಫಸ್ಟ್ ಗೇರು ಕರಕರ ಸದ್ದಿನೊಂದಿಗೆ ಬಿತ್ತು. ಎಂಜಿನ್ ಕಿರುಚಿತು, ಗಾಡಿ ಬಗ್ಗಿತು. ತಿರುವು ದಾಟಿದ ಮೇಲೆ ಗುಡ್ಡದ ಬದಿಗೆ ತಂದು ಮುಂದಿನ ಚಕ್ರವನ್ನು ಚರಂಡಿಗೆ ಇಳಿಸಿದೆ. ಹುಡುಗ ಗಾಡಿ ಪೂರ್ತಿ ನಿಲ್ಲುವ ಮೊದಲೇ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ.

ಎಡ ಮುಂದಿನ ಡ್ರಮ್ಮಿನ ಹತ್ತಿರ ಕೈ ತರಲಾಗುತ್ತಿರಲಿಲ್ಲ. ಬಲಗಡೆಯದು ಅಷ್ಟಿಲ್ಲದಿದ್ದರೂ ಬಿಸಿಯಾಗಿತ್ತು. ಹುಡುಗ ಚರಂಡಿಯ ನೀರು ತರಲು ಹೋದಾಗ ಬೇಡವೆಂದು ತಡೆದೆ, ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಮಿನಿಬಸ್ಸಿನ ಚಾಲಕರು ಮೇಲೆ ಹೋಗಿ ವಿಷಯ ತಿಳಿಸುವುದಾಗಿ ಹೇಳಿ ಹೊರಟರು.

ಈ ಘಟನೆಯಲ್ಲಿ ನಿಜವಾಗಿ ಅಪಾಯಕಾರಿಯಾದ ಹಂತ ಆಮೇಲೆ ಬಂತೆಂದೇ ನನ್ನ ಅಭಿಪ್ರಾಯ. ಡ್ರಮ್ಮುಗಳು ತಣಿದ ಮೇಲೆ ಪೆಡಲ್ ಒತ್ತಿ ನೋಡಿದರೆ ಮೊದಲಿನಂತೆಯೇ ಗಟ್ಟಿಯಾಗಿತ್ತು. ಆವಿ ಮತ್ತೆ ದ್ರವವಾಗಿತ್ತು. ಸಿಗ್ನಲ್ ಸಿಗುವ ಜಾಗಕ್ಕೆ ನಡೆದು ಯಜಮಾನರಿಗೆ ಫೋನ್ ಮಾಡಿದಾಗ, "ಪೆಡಲ್ ಬಂದಿದೆಯಲ್ಲ, ಫಸ್ಟ್‌ನಲ್ಲೇ ನಿಧಾನವಾಗಿ ಇಳಿಸಿಬಿಡು, ಅವರು ಕಾಯ್ತಿದ್ದಾರೆ" ಎಂದರು. ಒಂದು ಕ್ಷಣ ನನಗೂ ಹಾಗೆಯೇ ಅನ್ನಿಸಿತು. ಆದರೆ ಪೆಡಲ್ ಏಕೆ ಹೋಯಿತೆಂದು ತಿಳಿಯದೆ, ಅದು ಮರಳಿ ಬಂದದ್ದನ್ನು ನಂಬಿ ಹೊರಡುವುದು ಸರಿಯಲ್ಲವೆಂದು ಅಲ್ಲಿಯೇ ಜ್ಯಾಕ್ ಹಾಕಿದೆವು. ಎಡ ಮುಂದಿನ ಚಕ್ರ ಕೈಯಲ್ಲಿ ತಿರುಗಿತು. ಹುಡುಗನಿಗೆ ಪೆಡಲ್ ಒತ್ತಿ ಬಿಡಲು ಹೇಳಿದೆ. ಚಕ್ರ ಬಿಗಿದು ನಿಂತಿತು. ಅದು ಸಡಿಲವಾಗಲು ಬಹಳ ಹೊತ್ತು ಹಿಡಿಯಿತು. ಮತ್ತೆ ಒತ್ತಿ ಬಿಡಿಸಿ, ಈ ಸಲ ಹೋಸಿನ ಮೇಲ್ಬದಿಯ, ಲೋಹದ ಪೈಪು ಸೇರುವ ನಟ್ಟನ್ನು ಸಡಿಲಿಸಿದೆ. ಚಕ್ರ ಬಿಡಲಿಲ್ಲ. ವೀಲ್ ಸಿಲಿಂಡರಿನ ನಿಪ್ಪಲನ್ನು ಸಡಿಲಿಸಿದ ಕೂಡಲೇ ಕಂದು ಫ್ಲೂಯಿಡ್ ಚಿಮ್ಮಿ ಚಕ್ರ ತಿರುಗಿತು. ಮೇಲಿನ ನಟ್ಟು ಸಡಿಲಿಸಿದಾಗಲೇ ಚಕ್ರ ಬಿಟ್ಟಿದ್ದರೆ ದೋಷ ಮಾಸ್ಟರ್ ಸಿಲಿಂಡರಿನ ಕಡೆಗೆ, ಅಂದರೆ ಪೆಡಲಿನ ಫ್ರೀ ಪ್ಲೇ (ಸ್ವಲ್ಪ ಸಡಿಲು) ಇಲ್ಲದಿರುವುದಕ್ಕೋ ವಾಪಸು ಹೋಗುವ ರಂಧ್ರ ಮುಚ್ಚಿರುವುದಕ್ಕೋ ಸೇರುತ್ತಿತ್ತು. ನಟ್ಟಿಗೂ ನಿಪ್ಪಲಿಗೂ ನಡುವೆ ಒತ್ತಡ ಸಿಕ್ಕಿಕೊಂಡಿದೆಯೆಂದ ಮೇಲೆ ಉಳಿಯುವುದು ಹೋಸ್ ಒಂದೇ. ಎರಡು ಸ್ಪ್ಯಾನರಿನಲ್ಲಿ ಮುಗಿಯುವ ಈ ಪರೀಕ್ಷೆಯನ್ನು ವರ್ಕ್‌ಶಾಪಿನಲ್ಲಿಯೇ, ಹುಡುಗ ಎಡಗಡೆ ನಿಧಾನ ಎಂದ ಆ ಸಂಜೆಯೇ ಮಾಡಬಹುದಿತ್ತು.

ಗಾಡಿ ಟೋಯಿಂಗ್ ಟ್ರಕ್ಕಿನಲ್ಲಿ ವಾಪಸು ಬಂತು. ಮೇಷ್ಟ್ರು ಉಡುಪಿಯಿಂದ ಘಾಟಿಯವರೆಗೂ ಬಂದು, ಗಾಡಿಯ ಬಗ್ಗೆ ಕೇಳುವ ಮೊದಲು ನಮ್ಮಿಬ್ಬರಿಗೂ ಏನಾದರೂ ಪೆಟ್ಟಾಯಿತೇ ಎಂದು ಕೇಳಿದರು.

ಹೋಸನ್ನು ಉದ್ದಕ್ಕೆ ಸೀಳಿ ನೋಡಿದೆವು. ಹೊರಗಿನ ಪದರ ಹೊಸದರಂತೆಯೇ ಇತ್ತು. ಸುಮಾರು 3 ಮಿಲಿಮೀಟರ್ ಇರಬೇಕಾದ ಒಳರಂಧ್ರ ಉಬ್ಬಿ, ಒಂದೆಡೆ ಪದರವೇ ಬಿಟ್ಟು ಬಂದು ದಾರಿಗೆ ಅಡ್ಡವಾಗಿತ್ತು. ಕಾಲಿನ ಬಲಕ್ಕೆ ಫ್ಲೂಯಿಡ್ ಅದನ್ನು ತಳ್ಳಿಕೊಂಡು ಒಳಗೆ ಹೋಗುತ್ತದೆ; ವಾಪಸು ತಳ್ಳಲು ಶೂಗಳ ರಿಟರ್ನ್ ಸ್ಪ್ರಿಂಗಿನ ಬಲ ಸಾಲುವುದಿಲ್ಲ. ಶೂಗಳು ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತವೆ, ಆ ಬಿಸಿಗೆ ಫ್ಲೂಯಿಡ್ ಕುದಿಯುತ್ತದೆ. ಬಲಗಡೆಯ ಹೋಸಿನಲ್ಲೂ ಇದೇ ಕಾಯಿಲೆ ಶುರುವಾಗಿತ್ತು. ರಬ್ಬರಿಗೆ ವಯಸ್ಸಾಗುವುದು ಗಾಡಿ ಓಡಿದ್ದರಿಂದಷ್ಟೇ ಅಲ್ಲ, ಅಟ್ಟದ ಸೆಕೆಯಲ್ಲಿ ಪೊಟ್ಟಣದೊಳಗೆ ಕೂತಿದ್ದರೂ ಆಗುತ್ತದೆ. ಹಳೆಯ ದಾಸ್ತಾನಿನ ಗ್ರಿಲ್, ಗೇರು, ಹಿತ್ತಾಳೆಯ ಫಿಟಿಂಗುಗಳನ್ನು ಸಂತೋಷದಿಂದ ಬಳಸಬಹುದು. ಹಳೆಯ ದಾಸ್ತಾನಿನ ಹೋಸ್, ರಬ್ಬರ್ ಕಪ್, ಪೆಟ್ರೋಲ್ ಪೈಪು, ಟೈರು ಇವುಗಳನ್ನು ಗೋಡೆಗೆ ತೂಗುಹಾಕಬೇಕೇ ಹೊರತು ಗಾಡಿಗೆ ಹಾಕಬಾರದು.

ಫ್ಲೂಯಿಡ್ಡಿನದೂ ಪಾಲಿತ್ತು. ಗ್ಲೈಕಾಲ್ ಆಧಾರಿತ ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯದು ತೇವ ಹೀರದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಅದರ ಮಾನದಂಡವೇ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ನಾವು ಬಳಸಿದ್ದು ಮಲೆನಾಡಿನ ಮಳೆಗಾಲವಿಡೀ ಮುಚ್ಚಳ ಸಡಿಲವಾಗಿ ಕಪಾಟಿನಲ್ಲಿದ್ದ ಡಾಟ್ 3 ಡಬ್ಬದಿಂದ. ಸಣ್ಣ ಡಬ್ಬಗಳನ್ನೇ ತರಿಸಿ, ಉಳಿದದ್ದನ್ನು ಚೆಲ್ಲೋಣವೆಂದು ಬಹಳ ಹಿಂದೆಯೇ ಕೇಳಿದ್ದೆ. ದೊಡ್ಡ ಡಬ್ಬ ಅಗ್ಗವೆಂಬ ಉತ್ತರ ಬಂದಿತ್ತು. ಪ್ರತಿ ಗಾಡಿಗೆ ಲಕ್ಷಗಳ ಲೆಕ್ಕದಲ್ಲಿ ಬಿಲ್ ಆಗುವ ಜಾಗದಲ್ಲಿ ಫ್ಲೂಯಿಡ್ಡಿನ ಡಬ್ಬಕ್ಕೆ ಉಳಿತಾಯ ಮಾಡುವುದನ್ನು ನಾನು ಇಂದಿಗೂ ಒಪ್ಪುವುದಿಲ್ಲ.

ಆಮೇಲೆ ಡ್ಯುಯಲ್ ಸರ್ಕ್ಯೂಟಿನ ಚರ್ಚೆ ಬಂತು. ಟ್ಯಾಂಡಮ್, ಅಂದರೆ ಎರಡು ಭಾಗಗಳ, ಮಾಸ್ಟರ್ ಸಿಲಿಂಡರ್ ಹಾಕಿ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆ ದಾರಿ ಮಾಡಿದರೆ ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. ಒರಿಜಿನಾಲಿಟಿ ಹೋಗುತ್ತದೆ, ವಿಂಟೇಜ್ ನೋಂದಣಿ ಸಿಗುವುದಿಲ್ಲ ಎಂದು ಯಜಮಾನರು ವಾದಿಸಿದರು. 50 ವರ್ಷ ದಾಟಿದ ಗಾಡಿಗಳಿಗಾಗಿ 2021ರಲ್ಲಿ ಬಂದ ಕೇಂದ್ರದ ನಿಯಮ ಗಾಡಿ ಮೂಲರೂಪದಲ್ಲಿರಬೇಕೆನ್ನುವುದು ನಿಜ. ಆದರೆ ಅದು ಹೆಸರಿಸುವುದು ಷಾಸಿ, ಬಾಡಿ ಶೆಲ್ ಮತ್ತು ಎಂಜಿನ್ನಿನ ಮಾರ್ಪಾಡುಗಳನ್ನು. ಬಾನೆಟ್ಟಿನ ಕೆಳಗೆ, ಬೇಕೆಂದಾಗ ಬಿಚ್ಚಿ ಹಳೆಯದನ್ನೇ ಕೂರಿಸಬಹುದಾದ ಸಿಲಿಂಡರಿನ ವಿಷಯದಲ್ಲಿ ಆರ್‌ಟಿಒ ಕಚೇರಿಗೆ ಬರೆದು ಕೇಳಿದ ಮೇಲಷ್ಟೇ ಇಲ್ಲವೆನ್ನಬೇಕು, ಕೇಳುವ ಮೊದಲೇ ಅಲ್ಲ ಎಂಬುದು ನನ್ನ ನಿಲುವು. ಇದೇ ಹೊತ್ತಿನಲ್ಲಿ ಹಳೆಯ ಜೀಪುಗಳಿಗೆ ಟರ್ಬೊ ಡೀಸೆಲ್ ಎಂಜಿನ್ ಕೂರಿಸಿ, ಬ್ರೇಕನ್ನು ಮಾತ್ರ ಹಳೆಯ ಡ್ರಮ್ಮಿನಲ್ಲಿಯೇ ಬಿಟ್ಟುಕೊಡಿ ಎಂದು ಕೇಳುವ ಯುವಕರೂ ನಮ್ಮಲ್ಲಿಗೆ ಬರುತ್ತಾರೆ. ಅಂಥ ಕೆಲಸಕ್ಕೆ ನಾನು ಸಹಿ ಹಾಕುವುದನ್ನು ನಿಲ್ಲಿಸಿದ್ದೇನೆ.

ಮೇಷ್ಟ್ರು ಸದ್ಯಕ್ಕೆ ಒಂದೇ ಸರ್ಕ್ಯೂಟನ್ನು ಉಳಿಸಿಕೊಂಡು, ತಯಾರಾದ ವರ್ಷ ಅಚ್ಚಾಗಿರುವ ಹೊಸ ಹೋಸುಗಳನ್ನೂ ಡಾಟ್ 4 ಫ್ಲೂಯಿಡ್ಡನ್ನೂ ಹಾಕಿಸಿಕೊಂಡರು. ಅಳತೆಗೆ ಸರಿಯಾದ ಹೋಸ್ ಸಿಗಲು ತಡವಾಯಿತು. ಜೆಸಿಬಿ ಯಂತ್ರಗಳಿಗೆ ಹೈಡ್ರಾಲಿಕ್ ಪೈಪು ಕ್ರಿಂಪ್ ಮಾಡಿಕೊಡುವ ಅಂಗಡಿಯಲ್ಲಿ ಮಾಡಿಸಿಬಿಡೋಣ ಎಂಬ ಸಲಹೆ ಬಂದಾಗ, ಆ ರಬ್ಬರು ಖನಿಜ ತೈಲಕ್ಕೆಂದು ಮಾಡಿದ್ದು, ಬ್ರೇಕ್ ಫ್ಲೂಯಿಡ್ಡಿಗೆ ಅಲ್ಲ ಎಂದು ತಡೆದೆ. ಈಗ ನಮ್ಮ ಜಾಬ್ ಕಾರ್ಡಿನಲ್ಲಿ ಬ್ರೇಕು ಎರಡನೆಯ ಸಾಲಿಗೆ ಬಂದಿದೆ, ಟಿಂಕರಿಂಗ್ ಮುಗಿದ ಕೂಡಲೇ. ಪ್ರತಿ ಚಕ್ರವನ್ನೂ ಎತ್ತಿ, ಪೆಡಲ್ ಒತ್ತಿ ಬಿಟ್ಟು, ಕೈಯಲ್ಲಿ ತಿರುಗಿಸಿ ನೋಡಿದವರ ಸಹಿ ಅಲ್ಲಿರಬೇಕು. ಆ ಸಹಿ ಹಾಕುವವನು ಈಗ ಅದೇ ಹುಡುಗ. ಡೆಲಿವರಿಗೆ ಮುಂಚೆ ಲೋಡಿಲ್ಲದೆ ಒಂದು ಘಾಟಿ ಇಳಿಸಿ, ಡ್ರಮ್ಮಿನ ಬಿಸಿ ನೋಡಿ ಬರಬೇಕೆಂಬ ನನ್ನ ಇನ್ನೊಂದು ಬೇಡಿಕೆಗೆ ಯಜಮಾನರು ಡೀಸೆಲ್, ಪೆಟ್ರೋಲ್ ಮತ್ತು ಒಂದು ದಿನದ ಕೂಲಿಯ ಲೆಕ್ಕ ಕೇಳಿದ್ದಾರೆ. ಲೆಕ್ಕ ಬರೆದು ಕೊಟ್ಟಿದ್ದೇನೆ.