ಪೆಡ್ರೊ ಮಾರ್ಟಿನೆಜ್ ಅವರ ಲಯ ತಪ್ಪಿದ ರಾತ್ರಿಗಳು: ಅಳತೆಗೋಲಿನ ಕೆಲಸ ಎಲ್ಲಿಯವರೆಗೆ ಬಂದಿದೆ

ಹಿಂದಿನ ವರದಿ ಬರೆದಾಗ ನನ್ನ ಲೆಕ್ಕದ ಹಾಳೆಯಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡದ ಪಿಚರ್ ಪೆಡ್ರೊ ಮಾರ್ಟಿನೆಜ್ ಅವರ 2000ನೇ ಇಸವಿಯ ಅಂಕಿಗಳು ಮಾತ್ರ ಇದ್ದವು. ಈಗ 2003ರ ಅಂಕಿಗಳೂ ಸೇರಿವೆ, ಅವುಗಳ ಜೊತೆಗೆ ನಾನು ಎದುರು ನೋಡದಿದ್ದ ಒಂದು ಫಲಿತಾಂಶವೂ ಬಂದಿದೆ. ಕೈಗೆತ್ತಿಕೊಂಡ ಪ್ರಶ್ನೆ ಹಳೆಯದೇ: ಅಸಾಮಾನ್ಯ ಆಟಗಾರನೊಬ್ಬ ಒಂದು ರಾತ್ರಿ ಲಯ ತಪ್ಪಿದ್ದಾನೆ ಎಂದು ಹೇಳಬೇಕಾದರೆ ಆ ರಾತ್ರಿಯನ್ನು ಯಾವುದರ ಪಕ್ಕದಲ್ಲಿಟ್ಟು ನೋಡಬೇಕು? ಉಳಿದ ಪಿಚರ್‌ಗಳ ಪಕ್ಕದಲ್ಲಿಟ್ಟರೆ ಮಾರ್ಟಿನೆಜ್ ಅವರ ಸಾಧಾರಣ ದಿನವೂ ಹೊಳೆಯುತ್ತದೆ. ಅವರದೇ ಒಳ್ಳೆಯ ದಿನಗಳ ಪಕ್ಕದಲ್ಲಿಟ್ಟಾಗ ಮಾತ್ರ ಏನೋ ಕಡಿಮೆಯಾಗಿದೆ ಎಂಬುದು ಕಾಣುತ್ತದೆ, ಮತ್ತು ಆ ಕೊರತೆಯನ್ನು ನ್ಯಾಯವಾಗಿ ಅಳೆಯುವುದೇ ಈ ಕೆಲಸದ ಉದ್ದೇಶ.

ಬೇಸ್‌ಬಾಲ್ ಪರಿಚಯವಿಲ್ಲದ ಓದುಗರಿಗೆ ಎರಡು ಮಾತು. ಪಿಚರ್ ಎಂದರೆ ಎಸೆತಗಾರ. ಆಟ ಒಂಬತ್ತು ಇನ್ನಿಂಗ್ಸ್‌ಗಳದು. ಪ್ರತಿ ಇನ್ನಿಂಗ್ಸ್‌ನಲ್ಲಿ ಅವರು ಮೂವರನ್ನು ಔಟ್ ಮಾಡಬೇಕು. ಕ್ಷೇತ್ರರಕ್ಷಕರ ತಪ್ಪಿನಿಂದ ಹೋದ ರನ್‌ಗಳನ್ನು ಕಳೆದು, ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಬಿಟ್ಟುಕೊಟ್ಟರು ಎಂಬ ಲೆಕ್ಕಕ್ಕೆ ಇಆರ್‌ಎ ಎನ್ನುತ್ತಾರೆ. ಅದು ಕಡಿಮೆಯಿದ್ದಷ್ಟೂ ಒಳ್ಳೆಯದು. ಬ್ಯಾಟರ್ ಚೆಂಡು ಹೊಡೆದು ಬೇಸ್, ಅಂದರೆ ಓಟದ ಹಾದಿಯ ನಿಲ್ದಾಣ, ತಲುಪಿದರೆ ಅದು ಹಿಟ್; ಒಂದು ಬೇಸ್‌ಗೆ ಸಿಂಗಲ್, ಎರಡಕ್ಕೆ ಡಬಲ್, ಒಂದೇ ಹೊಡೆತಕ್ಕೆ ಇಡೀ ಸುತ್ತು ಮುಗಿದರೆ ಹೋಮ್ ರನ್. ಗುರಿ ತಪ್ಪಿದ ನಾಲ್ಕು ಎಸೆತಗಳಿಂದ ಪುಕ್ಕಟೆಯಾಗಿ ಬೇಸ್ ಸಿಕ್ಕರೆ ವಾಕ್, ಮೂರು ಸ್ಟ್ರೈಕ್‌ಗಳಿಂದ ಔಟಾದರೆ ಸ್ಟ್ರೈಕ್‌ಔಟ್.

ಚಾಲ್ತಿಯಲ್ಲಿರುವ ಅಳತೆಗಳಲ್ಲಿ ನಾನು ಮೊದಲು ಕೈಬಿಟ್ಟದ್ದು ‘ಕ್ವಾಲಿಟಿ ಸ್ಟಾರ್ಟ್’. ಕ್ರೀಡಾ ವರದಿಗಾರ ಜಾನ್ ಲೋ ಅವರು 1985ರಲ್ಲಿ ರೂಪಿಸಿದ ಈ ಅಳತೆಯ ಪ್ರಕಾರ ಕನಿಷ್ಠ ಆರು ಇನ್ನಿಂಗ್ಸ್ ಎಸೆದು ತನ್ನ ಹೊಣೆಯ ಮೂರು ಅಥವಾ ಅದಕ್ಕಿಂತ ಕಡಿಮೆ ರನ್ ಕೊಟ್ಟರೆ ಪಿಚರ್ ತನ್ನ ಕೆಲಸವನ್ನು ಸರಿಯಾಗಿ ಮಾಡಿದಂತೆ. ಸಾಮಾನ್ಯ ಪಿಚರ್‌ಗೆ ಇದು ನ್ಯಾಯವಾದ ಗೆರೆ. ಆದರೆ ಆರು ಇನ್ನಿಂಗ್ಸ್‌ಗೆ ಮೂರು ರನ್ ಎಂದರೆ 4.50ರ ಇಆರ್‌ಎ ಆಗುತ್ತದೆ. 2000ದಲ್ಲಿ ಬಾಸ್ಟನ್ ಆಡುವ ಅಮೆರಿಕನ್ ಲೀಗಿನ ಸರಾಸರಿ 4.91 ಇದ್ದುದರಿಂದ ಆ ದಿನ ಬೇರೆ ಯಾರಿಗಾದರೂ ಒಳ್ಳೆಯ ದಿನವೆನಿಸುತ್ತಿತ್ತು. ಅದೇ ವರ್ಷ 1.74ರ ಇಆರ್‌ಎ ಸಾಧಿಸಿದ ಮಾರ್ಟಿನೆಜ್ ಅವರಿಗೆ ಅದು ಬೇಸರದ ದಿನ. ಆ ವರ್ಷ ಲೀಗಿನಲ್ಲಿ ಎರಡನೆಯ ಸ್ಥಾನದಲ್ಲಿದ್ದ ರೋಜರ್ ಕ್ಲೆಮೆನ್ಸ್ ಅವರ ಇಆರ್‌ಎ 3.70 ಎಂಬುದನ್ನು ನೆನೆದರೆ ಮೊದಲನೆಯವರಿಗೂ ಎರಡನೆಯವರಿಗೂ ನಡುವೆ ಇದ್ದ ಅಂತರ ಎಂಥದ್ದು ಎಂದು ತಿಳಿಯುತ್ತದೆ. ಅಷ್ಟು ಎತ್ತರದಲ್ಲಿರುವವರನ್ನು ನೆಲದ ಮೇಲೆ ಎಳೆದ ಗೆರೆಯಿಂದ ಅಳೆಯಲಾಗದು.

ಹಾಗಾಗಿ ಬೇಸ್‌ಬಾಲ್ ಅಂಕಿಅಂಶ ತಜ್ಞ ಬಿಲ್ ಜೇಮ್ಸ್ ಅವರ ‘ಗೇಮ್ ಸ್ಕೋರ್’ ಸೂತ್ರವನ್ನು ಆರಿಸಿಕೊಂಡೆ. ಇದರಲ್ಲಿ ಪ್ರತಿ ಆರಂಭಿಕ ಪಿಚರ್ 50 ಅಂಕಗಳಿಂದ ಶುರುಮಾಡುತ್ತಾರೆ. ಪ್ರತಿ ಔಟ್‌ಗೆ 1, ನಾಲ್ಕರ ನಂತರ ಪೂರ್ಣಗೊಳಿಸಿದ ಪ್ರತಿ ಇನ್ನಿಂಗ್ಸ್‌ಗೆ 2, ಪ್ರತಿ ಸ್ಟ್ರೈಕ್‌ಔಟ್‌ಗೆ 1 ಅಂಕ ಸೇರುತ್ತದೆ. ಪ್ರತಿ ಹಿಟ್‌ಗೆ 2, ಪಿಚರ್ ಹೊಣೆಯ ಪ್ರತಿ ರನ್‌ಗೆ 4, ಇತರರ ತಪ್ಪಿನಿಂದಾದ ಪ್ರತಿ ರನ್‌ಗೆ 2, ಪ್ರತಿ ವಾಕ್‌ಗೆ 1 ಅಂಕ ಕಳೆಯುತ್ತದೆ. ಕೈಯಲ್ಲೇ ಲೆಕ್ಕ ಹಾಕಬಹುದಾದಷ್ಟು ಸರಳ. ಉದಾಹರಣೆಗೆ 1999ರ ಸೆಪ್ಟೆಂಬರ್ 10ರಂದು ಯಾಂಕೀ ಕ್ರೀಡಾಂಗಣದಲ್ಲಿ ಮಾರ್ಟಿನೆಜ್ ಅವರು 17 ಸ್ಟ್ರೈಕ್‌ಔಟ್ ಮಾಡಿ, ಇಡೀ ಆಟದಲ್ಲಿ ಚಿಲಿ ಡೇವಿಸ್ ಅವರಿಗೆ ಒಂದೇ ಒಂದು ಹೋಮ್ ರನ್ ಕೊಟ್ಟು ಗೆದ್ದಾಗ ಅವರಿಗೆ ಸಿಕ್ಕ ಅಂಕ 98.

2000ದ ಲೆಕ್ಕವನ್ನು ಹೀಗೆ ಮಾಡಿದೆ. ಆ ವರ್ಷ ಅವರು 29 ಆಟಗಳನ್ನು ಆರಂಭಿಸಿ 217 ಇನ್ನಿಂಗ್ಸ್ ಎಸೆದರು. 128 ಹಿಟ್, 32 ವಾಕ್, 284 ಸ್ಟ್ರೈಕ್‌ಔಟ್, ಅವರ ಹೊಣೆಯ ರನ್‌ಗಳು 42. ಈ ಒಟ್ಟು ಅಂಕಿಗಳನ್ನು ಸೂತ್ರಕ್ಕೆ ಹಾಕಿದರೆ ಒಂದು ಆಟಕ್ಕೆ ಸರಾಸರಿ ಸುಮಾರು 73 ಬರುತ್ತದೆ. ಅಂದರೆ 2000ದ ಮಾರ್ಟಿನೆಜ್ ಅವರ ಸ್ವಂತ ಅಳತೆಗೋಲು 73.

ಈ ಗೋಲು ಕೈಗೆ ಬಂದ ಕೂಡಲೇ ನಾನು ಹುಡುಕಿದ್ದು ಸೋತ ಆಟಗಳನ್ನು. ಆ ವರ್ಷ ಅವರು ಗೆದ್ದದ್ದು 18, ಸೋತದ್ದು 6. ಲಯ ತಪ್ಪಿದ ರಾತ್ರಿಗಳು ಆ ಆರರಲ್ಲೇ ಅಡಗಿರುತ್ತವೆ ಎಂದು ನಾನು ನಂಬಿದ್ದೆ. ಆರೂ ಸೋಲುಗಳನ್ನು ಸೇರಿಸಿದರೆ ಅವರು ಎಸೆದದ್ದು 48 ಇನ್ನಿಂಗ್ಸ್, ಅಂದರೆ ಸರಾಸರಿ ಎಂಟೆಂಟು. 30 ಹಿಟ್, 8 ವಾಕ್, 60 ಸ್ಟ್ರೈಕ್‌ಔಟ್, ಇಆರ್‌ಎ 2.44. ಗೇಮ್ ಸ್ಕೋರ್ ಸರಾಸರಿ ಸುಮಾರು 72! ಇಡೀ ವರ್ಷದ ಸರಾಸರಿಗೂ ಸೋಲುಗಳ ಸರಾಸರಿಗೂ ಒಂದೇ ಅಂಕದ ವ್ಯತ್ಯಾಸ. ಈ ಉತ್ತರ ಬಂದಾಗ ಎಲ್ಲೋ ತಪ್ಪಿದೆ ಎಂದುಕೊಂಡು ಮೂರು ಸಲ ಕೂಡಿ ಕಳೆದು ನೋಡಿದೆ, ಲೆಕ್ಕ ಸರಿಯಾಗಿಯೇ ಇತ್ತು. ಆ ಆರು ಸೋಲುಗಳಲ್ಲಿ ಒಂದು ಮೇ 6ರಂದು ಟ್ಯಾಂಪಾ ಬೇ ವಿರುದ್ಧ 17 ಸ್ಟ್ರೈಕ್‌ಔಟ್ ಮಾಡಿಯೂ 1–0 ಅಂತರದಲ್ಲಿ ಸೋತ ಆಟ. ಅಂಥದ್ದನ್ನು ಲಯ ತಪ್ಪಿದ ರಾತ್ರಿ ಎನ್ನಲು ಯಾರಿಗೂ ಬಾಯಿ ಬರದು.

ಆದರೂ ಇಆರ್‌ಎ 1.74ರಿಂದ 2.44ಕ್ಕೆ ಏರಿದ್ದಕ್ಕೆ ಕಾರಣವಿರಲೇಬೇಕು. ಸೋಲುಗಳನ್ನು ಬೇರ್ಪಡಿಸಿ, ಉಳಿದ 23 ಆಟಗಳ 169 ಇನ್ನಿಂಗ್ಸ್‌ಗಳನ್ನು ಪಕ್ಕದಲ್ಲಿಟ್ಟೆ. ಉಳಿದ ಆಟಗಳಲ್ಲಿ ಹಿಟ್ ಮತ್ತು ವಾಕ್ ಮೂಲಕ ಇನ್ನಿಂಗ್ಸ್‌ಗೆ 0.72 ಬ್ಯಾಟರ್‌ಗಳು ಬೇಸ್ ತಲುಪಿದ್ದರೆ ಸೋಲುಗಳಲ್ಲಿ 0.79 ಮಂದಿ ತಲುಪಿದ್ದರು. ಇದು ಗಮನಕ್ಕೆ ಬಾರದಷ್ಟು ಸಣ್ಣ ವ್ಯತ್ಯಾಸ. ನಿಜವಾದ ವ್ಯತ್ಯಾಸ ಇದ್ದದ್ದು ಅವರಲ್ಲಿ ಎಷ್ಟು ಮಂದಿ ರನ್ ಗಳಿಸಿದರು ಎಂಬುದರಲ್ಲಿ. ಉಳಿದ ಆಟಗಳಲ್ಲಿ ಬೇಸ್ ತಲುಪಿದವರು 122, ರನ್‌ಗಳು 29, ಎಂದರೆ ನೂರಕ್ಕೆ 24. ಸೋಲುಗಳಲ್ಲಿ ತಲುಪಿದವರು 38, ರನ್‌ಗಳು 13, ಎಂದರೆ ನೂರಕ್ಕೆ 34. ಎದುರಾಳಿಗಳಿಗೆ ಸಿಕ್ಕ ಅವಕಾಶಗಳು ಹೆಚ್ಚಲಿಲ್ಲ, ಸಿಕ್ಕಷ್ಟು ಅವಕಾಶಗಳು ಒಟ್ಟೊಟ್ಟಿಗೆ ಬಂದವು. ಇದರಲ್ಲಿ ಪಿಚರ್ ಪಾಲು ಸ್ವಲ್ಪ ಇರಬಹುದು. ಹೆಚ್ಚಿನ ಪಾಲು ಮಾತ್ರ ಆ ರಾತ್ರಿಯ ಅದೃಷ್ಟದ್ದೂ, ರನ್ ಗಳಿಸಿಕೊಡದ ತನ್ನದೇ ತಂಡದ್ದೂ ಎಂದು ನನ್ನ ತೀರ್ಮಾನ. ಹಾಗಾಗಿ ಸೋಲು-ಗೆಲುವಿನ ಅಂಕಣವನ್ನು ಹಾಳೆಯಿಂದ ಅಳಿಸಿಬಿಟ್ಟಿದ್ದೇನೆ.

ಮುಂದಕ್ಕೆ ಹೋಗುವ ಮೊದಲು ಒಂದು ತಿದ್ದುಪಡಿ. ಬೇಸ್‌ಬಾಲ್ ಅಂಕಪಟ್ಟಿಯಲ್ಲಿ 4.1 ಇನ್ನಿಂಗ್ಸ್ ಎಂದು ಬರೆದಿದ್ದರೆ ಅದು ದಶಮಾಂಶವಲ್ಲ, ನಾಲ್ಕು ಇನ್ನಿಂಗ್ಸ್ ಮತ್ತು ಒಂದು ಔಟ್ ಎಂದರ್ಥ; ಎಂದರೆ ನಾಲ್ಕೂ ಮೂರನೆಯ ಒಂದು ಭಾಗ. ಕ್ರಿಕೆಟ್‌ನಲ್ಲಿ 4.1 ಓವರ್ ಎಂದರೆ ಒಂದು ಚೆಂಡು ಹೆಚ್ಚು ಎಂದು ಗೊತ್ತಿದ್ದೂ ನಾನು ಹಾಳೆಯಲ್ಲಿ ಆ ಅಂಕಿಯನ್ನು ಹಾಗೆಯೇ ತುಂಬಿದ್ದೆ. ಇಡೀ ವರ್ಷದ ಲೆಕ್ಕದಲ್ಲಿ ಆ ತಪ್ಪು ಕಾಣಿಸಲೇ ಇಲ್ಲ. 2003ರಲ್ಲಿ 186.2 ಎಂದು ತುಂಬಿದರೂ, ಸರಿಯಾಗಿ 186 ಮತ್ತು ಮೂರನೆಯ ಎರಡು ಭಾಗ ಎಂದು ತುಂಬಿದರೂ ಇಆರ್‌ಎ 2.22 ಎಂದೇ ಬರುತ್ತದೆ. ಒಂದೇ ಆಟವನ್ನು ಬೇರೆ ತೆಗೆದು ನೋಡಿದಾಗ 20.77 ಬರಬೇಕಾದಲ್ಲಿ 21.95 ಬಂತು, ಆಗಲೇ ತಪ್ಪು ಸಿಕ್ಕಿಬಿದ್ದದ್ದು. ಈಗ ಇನ್ನಿಂಗ್ಸ್ ಅಂಕಣವನ್ನೇ ತೆಗೆದು ಔಟ್‌ಗಳ ಸಂಖ್ಯೆಯನ್ನು ನೇರವಾಗಿ ತುಂಬುತ್ತಿದ್ದೇನೆ. ಇಂಥ ಹಾಳೆ ಇಟ್ಟುಕೊಂಡವರೆಲ್ಲರಿಗೂ ನನ್ನ ಸಲಹೆ ಅದೇ.

ಆ ಒಂದು ಆಟ 2003ರ ಏಪ್ರಿಲ್ 12ರದು. ಬಾಲ್ಟಿಮೋರ್ ಓರಿಯೋಲ್ಸ್ ವಿರುದ್ಧ ಮಾರ್ಟಿನೆಜ್ ಅವರು ಐದನೆಯ ಇನ್ನಿಂಗ್ಸ್‌ನಲ್ಲಿ ಒಂದೇ ಔಟ್ ಪಡೆದು ನಿರ್ಗಮಿಸುವಷ್ಟರಲ್ಲಿ 10 ರನ್ ಬಿಟ್ಟುಕೊಟ್ಟಿದ್ದರು. ಲಯ ತಪ್ಪಿದ ರಾತ್ರಿ ಎಂಬುದಕ್ಕೆ ಯಾವ ಅಳತೆಯಿಂದ ನೋಡಿದರೂ ಇದು ಉದಾಹರಣೆಯೇ, ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಅದೊಂದನ್ನು ತೆಗೆದುಹಾಕಿದರೆ ಆ ವರ್ಷದ ಇಆರ್‌ಎ 2.22ರಿಂದ 1.78ಕ್ಕೆ ಇಳಿಯುತ್ತದೆ. ತೆಗೆದುಬಿಡುವ ಆಸೆ ಆಯಿತು, ಆದರೆ ತೆಗೆಯಲಿಲ್ಲ. ಸ್ವಂತ ಅಳತೆಗೋಲು ಎಂದ ಮೇಲೆ ಕೆಟ್ಟ ದಿನಗಳೂ ಆ ಗೋಲಿನ ಭಾಗವೇ ಆಗಬೇಕು.

2003ರ ಒಟ್ಟು ಅಂಕಿಗಳು 29 ಆರಂಭಗಳು, 147 ಹಿಟ್, 47 ವಾಕ್, 206 ಸ್ಟ್ರೈಕ್‌ಔಟ್, 46 ರನ್. ಗೇಮ್ ಸ್ಕೋರ್ ಸರಾಸರಿ ಸುಮಾರು 63. ಇಆರ್‌ಎಯಲ್ಲಿ ಆ ವರ್ಷವೂ ಅವರೇ ಲೀಗಿಗೆ ಮೊದಲಿಗರು, ಆದರೂ ಮೂರು ವರ್ಷಗಳಲ್ಲಿ ಅವರದೇ ಗೋಲು ಹತ್ತು ಅಂಕ ಕುಗ್ಗಿತ್ತು. ಮುಖ್ಯ ಕಾರಣ ಅವಧಿ. 2000ದಲ್ಲಿ ಆಟಕ್ಕೆ ಸರಾಸರಿ ಏಳೂವರೆ ಇನ್ನಿಂಗ್ಸ್ ಎಸೆಯುತ್ತಿದ್ದವರು 2003ರಲ್ಲಿ ಆರೂವರೆಗೂ ಮುನ್ನವೇ ಚೆಂಡು ಒಪ್ಪಿಸುತ್ತಿದ್ದರು. ಎಸೆಯುವಷ್ಟು ಹೊತ್ತು ಹಳೆಯ ಮಾರ್ಟಿನೆಜ್ ಅವರಿಗೆ ಹತ್ತಿರದಲ್ಲೇ ಇರುತ್ತಿದ್ದರು. ಆ ಹೊತ್ತು ಕಡಿಮೆಯಾಗಿತ್ತು ಅಷ್ಟೆ.

ಈ ಎರಡು ಗೋಲುಗಳನ್ನು ಹಿಡಿದು 2003ರ ಅಕ್ಟೋಬರ್ 16ರ ಆಟವನ್ನು ಮತ್ತೆ ಅಳೆದೆ. ಅಮೆರಿಕನ್ ಲೀಗ್ ಚಾಂಪಿಯನ್‌ಷಿಪ್‌ನ ಏಳನೆಯ ಮತ್ತು ನಿರ್ಣಾಯಕ ಆಟ, ಎದುರಾಳಿ ಯಾಂಕೀಸ್, ಅವರದೇ ಕ್ರೀಡಾಂಗಣ. ಮಾರ್ಟಿನೆಜ್ ಅವರ ಲಯ ತಪ್ಪಿದ ರಾತ್ರಿ ಯಾವುದು ಎಂದು ಬಾಸ್ಟನ್ ಅಭಿಮಾನಿಗಳನ್ನು ಕೇಳಿದರೆ ಬಹಳ ಮಂದಿ ನೆನೆಯುವುದು ಇದನ್ನೇ. ಅಂಕಪಟ್ಟಿಯಲ್ಲಿ ಇರುವುದು ಏಳೂ ಮೂರನೆಯ ಒಂದು ಇನ್ನಿಂಗ್ಸ್, 10 ಹಿಟ್, 5 ರನ್, 1 ವಾಕ್, 8 ಸ್ಟ್ರೈಕ್‌ಔಟ್, 123 ಎಸೆತ. ಗೇಮ್ ಸ್ಕೋರ್ 45. ಅವರ ಗೋಲಿಗಿಂತ ಮಾತ್ರವಲ್ಲ, ಸಾಮಾನ್ಯ ಪಿಚರ್‌ನ 50ಕ್ಕಿಂತಲೂ ಕೆಳಗೆ.

ಆದರೆ 45 ಎಂಬುದು ಕೊನೆಯ ಮೊತ್ತ. ಕೈಬರಹದ ಅಂಕಹಾಳೆಯಲ್ಲಿ ಒಬ್ಬೊಬ್ಬ ಬ್ಯಾಟರ್‌ನ ಚೌಕವನ್ನು ತುಂಬುತ್ತಾ, ಪಕ್ಕದಲ್ಲಿ ಪೆನ್ಸಿಲಿನಿಂದ ಅಂಕವನ್ನೂ ಬರೆಯುತ್ತಾ ಹೋದೆ. ಏಳನೆಯ ಇನ್ನಿಂಗ್ಸ್‌ನ ಕೊನೆಯಲ್ಲಿ, ಜೇಸನ್ ಜಿಯಾಂಬಿ ಅವರ ಎರಡು ಹೋಮ್ ರನ್‌ಗಳು ಈಗಾಗಲೇ ಆಗಿದ್ದು, ಇಬ್ಬರು ಬೇಸ್ ಮೇಲಿರುವಾಗ, ಮಾರ್ಟಿನೆಜ್ ಅವರು ಆಲ್ಫೊನ್ಸೊ ಸೊರಿಯಾನೊ ಅವರನ್ನು ಸ್ಟ್ರೈಕ್‌ಔಟ್ ಮಾಡುತ್ತಾರೆ. ಆ ಚೌಕದ ಪಕ್ಕದಲ್ಲಿ ನಾನು ಬರೆದ ಅಂಕ 64. 2000ದ ಗೋಲಿನಿಂದ ನೋಡಿದರೆ 64 ಕಡಿಮೆ, ಒಂದು ಮಂಕು ಸಂಜೆ. 2003ರ ಗೋಲಿನಿಂದ ನೋಡಿದರೆ ಅದು ಅವರ ಸರಾಸರಿಗಿಂತ ಒಂದು ಅಂಕ ಮೇಲೆ. ಅದೂ ಬಲಿಷ್ಠ ಯಾಂಕೀಸ್ ಎದುರು, ವರ್ಷದ ಅತಿ ದೊಡ್ಡ ಆಟದಲ್ಲಿ. ಅಂದರೆ ತನ್ನ ದಿನದ ಕೆಲಸವನ್ನು ಅವರು ಆಗಲೇ ಪೂರೈಸಿದ್ದರು, ವಾಡಿಕೆಗಿಂತ ತುಸು ಹೆಚ್ಚು ಹೊತ್ತು ಎಸೆದೂ ಆಗಿತ್ತು.

ತಂಡದ ವ್ಯವಸ್ಥಾಪಕ ಗ್ರೇಡಿ ಲಿಟಲ್ ಅವರು 5–2ರ ಮುನ್ನಡೆಯೊಂದಿಗೆ ಎಂಟನೆಯ ಇನ್ನಿಂಗ್ಸ್‌ಗೂ ಅವರನ್ನೇ ಕಳುಹಿಸಿದರು. ನಿಕ್ ಜಾನ್ಸನ್ ಅವರ ಚೆಂಡು ಮೇಲಕ್ಕೆದ್ದು ಕ್ಯಾಚ್ ಆಯಿತು, 65. ಡೆರೆಕ್ ಜೀಟರ್ ಅವರ ಡಬಲ್, 63. ಬರ್ನಿ ವಿಲಿಯಮ್ಸ್ ಅವರ ಸಿಂಗಲ್‌ನಿಂದ ಒಂದು ರನ್, 57. ಲಿಟಲ್ ಅವರು ನಡೆದು ಬಂದು ಮಾತನಾಡಿಸಿ, ಬದಲಾಯಿಸದೆ ಹಿಂತಿರುಗಿದರು. ಹಿಡೆಕಿ ಮಾತ್ಸುಯಿ ಅವರ ಡಬಲ್, 55. ಹೊರ್ಹೆ ಪೊಸಾಡಾ ಅವರ ಚೆಂಡು ಒಳ ಮತ್ತು ಹೊರ ಕ್ಷೇತ್ರರಕ್ಷಕರ ನಡುವೆ ಮೆತ್ತಗೆ ಬಿದ್ದು ಇಬ್ಬರು ರನ್ ಗಳಿಸಿದರು, ಆಟ 5–5ಕ್ಕೆ ಸಮವಾಯಿತು, 45. ಐದು ಬ್ಯಾಟರ್‌ಗಳಲ್ಲಿ ಹತ್ತೊಂಬತ್ತು ಅಂಕ ಹೋದವು. ಆಟ ಮುಂದೆ ಹನ್ನೊಂದನೆಯ ಇನ್ನಿಂಗ್ಸ್‌ನಲ್ಲಿ ಟಿಮ್ ವೇಕ್‌ಫೀಲ್ಡ್ ಅವರ ಎಸೆತಕ್ಕೆ ಏರನ್ ಬೂನ್ ಅವರು ಹೊಡೆದ ಹೋಮ್ ರನ್‌ನಿಂದ ಮುಗಿಯಿತು.

ಈ ಪೆನ್ಸಿಲ್ ಅಂಕಿಗಳ ಮುಂದೆ ಕುಳಿತು ನನಗೆ ಅನ್ನಿಸಿದ್ದನ್ನು ದಾಖಲಿಸುತ್ತೇನೆ. ಆ ರಾತ್ರಿಯನ್ನು ಲಯ ತಪ್ಪಿದ ರಾತ್ರಿಗಳ ಪಟ್ಟಿಯಿಂದ ತೆಗೆದಿದ್ದೇನೆ. ಏಳು ಇನ್ನಿಂಗ್ಸ್‌ಗಳ ಕಾಲ ಅವರು ಆ ವರ್ಷದ ಮಾರ್ಟಿನೆಜ್ ಆಗಿಯೇ ಇದ್ದರು. ಎಂಟನೆಯದರಲ್ಲಿ ಅವರಿಂದ ಕೇಳಿದ್ದು 2000ದ ಮಾರ್ಟಿನೆಜ್ ಅವರನ್ನು. ಹೆಸರು ಒಂದೇ ಆದ್ದರಿಂದ ಗೋಲೂ ಒಂದೇ ಎಂದು ಭಾವಿಸುವುದು ಸುಲಭ. ನಾನೂ ಮೊದಲ ವರದಿಯಲ್ಲಿ ಇಡೀ ವೃತ್ತಿಜೀವನಕ್ಕೆ ಒಂದೇ ಸರಾಸರಿ ಸಾಕು ಎಂದು ಬರೆದಿದ್ದೆ, ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಅಂಕಗಳಿಗೆ ಸಿಗದ ಇನ್ನೊಂದು ರಾತ್ರಿಯನ್ನೂ ಹಾಳೆಯ ಅಂಚಿನಲ್ಲಿ ಬರೆದಿಟ್ಟಿದ್ದೇನೆ. 1999ರ ಪ್ಲೇಆಫ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿರುದ್ಧದ ಮೊದಲ ಆಟದಲ್ಲಿ ಬೆನ್ನು ಹಿಡಿದುಕೊಂಡು ನಾಲ್ಕು ಇನ್ನಿಂಗ್ಸ್‌ಗೇ ಹೊರಬಂದಿದ್ದ ಮಾರ್ಟಿನೆಜ್ ಅವರು, ಅಕ್ಟೋಬರ್ 11ರ ಐದನೆಯ ಆಟದಲ್ಲಿ 8–8ರ ಸಮಸ್ಥಿತಿಯಲ್ಲಿ ಮಧ್ಯದಲ್ಲಿ ಬಂದು ಆರು ಇನ್ನಿಂಗ್ಸ್ ಎಸೆದರು. ಎಂದಿನ ವೇಗ ಆ ದಿನ ಇರಲಿಲ್ಲ. ಬಾಗುವ ಮತ್ತು ನಿಧಾನದ ಎಸೆತಗಳಿಂದಲೇ ಒಂದೂ ಹಿಟ್ ಕೊಡದೆ ಎಂಟು ಸ್ಟ್ರೈಕ್‌ಔಟ್ ಮಾಡಿದರು, ಬಾಸ್ಟನ್ 12–8ರಲ್ಲಿ ಗೆದ್ದಿತು. ದೇಹದ ಲೆಕ್ಕದಲ್ಲಿ ಅದು ಅವರ ಕೆಟ್ಟ ದಿನಗಳಲ್ಲಿ ಒಂದು, ಫಲಿತಾಂಶದ ಲೆಕ್ಕದಲ್ಲಿ ಅತ್ಯುತ್ತಮ ದಿನಗಳಲ್ಲಿ ಒಂದು. ಆರಂಭಿಕರಾಗಿ ಬಾರದ ಕಾರಣ ಗೇಮ್ ಸ್ಕೋರ್ ಅವರಿಗೆ ಆ ದಿನ ಅಂಕವನ್ನೇ ಕೊಡುವುದಿಲ್ಲ.

ಮುಂದಿನ ಹಂತದಲ್ಲಿ 2000ದ 29 ಆಟಗಳನ್ನೂ 2003ರ 29 ಆಟಗಳನ್ನೂ ಒಂದೊಂದಾಗಿ ಅಂಕಹಾಳೆಗೆ ಇಳಿಸುವುದಿದೆ. ಹಳೆಯ ಆಟಗಳ ಎಸೆತ-ಎಸೆತದ ದಾಖಲೆಗಳನ್ನು ಸ್ವಯಂಸೇವಕರು ಕೂಡಿಸಿ ಉಚಿತವಾಗಿ ಕೊಡುತ್ತಿರುವ ರೆಟ್ರೋಶೀಟ್ ಇರುವುದರಿಂದ ಇದು ಸಾಧ್ಯವಾಗುತ್ತಿದೆ. ಪ್ರತಿ ಚೌಕದ ಪಕ್ಕದಲ್ಲಿ ಇಲ್ಲಿಯವರೆಗೆ ಅಂಕ ಒಂದನ್ನೇ ಬರೆಯುತ್ತಿದ್ದೆ. ಇನ್ನು ಮುಂದೆ ಅಲ್ಲಿಗೆ ಎಷ್ಟನೆಯ ಎಸೆತ ಎಂಬುದನ್ನೂ ಬರೆಯುತ್ತೇನೆ. ಮೊದಲ ಹಾಳೆಯನ್ನು ಮೇ 6ರ 1–0 ಸೋಲಿನಿಂದ ಆರಂಭಿಸಿದ್ದೇನೆ, ಮೂರು ಇನ್ನಿಂಗ್ಸ್‌ಗಳ ಚೌಕಗಳು ತುಂಬಿವೆ.