ಕಾರಿನ ಮೂತಿ ಮೇಲಿದ್ದ ಎತ್ತು

ನಾನಿರೋದು ಆಕ್ಸ್‌ಫರ್ಡಲ್ಲಿ. ಹೋದ ಭಾನುವಾರ ಪಕ್ಕದ ಮನೆ ಅಜ್ಜಿ ಒಂದು ಬಿಸ್ಕೆಟ್ ಡಬ್ಬಿ ತಂದಿಟ್ರು, ಒಳಗೆಲ್ಲ ಹಳೇ ಫೋಟೋ, ಅದ್ರಲ್ಲೊಂದು ಅವರ ತಾತ ಟೋಪಿ ಹಾಕ್ಕೊಂಡು ಕಾರಿನ ಪಕ್ಕ ನಿಂತಿರೋದು. ನಿನಗೆ ಕಾರ್ ಹುಚ್ಚಲ್ವಾ, ಇದ್ಯಾವ್ದು ಹೇಳು ಅಂದ್ರು.

ಬಟ್ಟೆ ಟಾಪು, ಪಕ್ಕದಲ್ಲಿ ಗಾಜಿಲ್ಲ, ಹಾಗಾಗಿ ಟೂರರ್ ಅನ್ನೋದೇನೋ ಗೊತ್ತಾಯ್ತು. ಆದ್ರೆ ಆ ಕಾಲದ ಇಂಗ್ಲಿಷ್ ಟೂರರ್‌ಗಳು ಪಕ್ಕದಿಂದ ನೋಡಿದ್ರೆ ಎಲ್ಲಾ ಅಣ್ಣತಮ್ಮಂದಿರೇ, ಅದೇ ಮಡ್‌ಗಾರ್ಡು, ಅದೇ ಫುಟ್‌ಬೋರ್ಡು. ನಾನು ದೊಡ್ಡ ಜಾಣನ ಥರ ಆಸ್ಟಿನ್ ಕಂಪನಿದು ಅಂದ್ಬಿಟ್ಟೆ, ತಪ್ಪು! ಮೊದ್ಲು ನೋಡ್ಬೇಕಾದ್ದು ಮೂತಿ, ಅಂದ್ರೆ ರೇಡಿಯೇಟರ್. ವಾಕ್ಸ್‌ಹಾಲ್ ಆಗಿದ್ರೆ ಬಾನೆಟ್ ಮೇಲೆ ಉದ್ದಕ್ಕೆ ತೋಡಿದ ಹಾಗೆ ಗೆರೆ ಇರತ್ತೆ. ಇದ್ರದ್ದು ಮೇಲ್ಗಡೆ ಬಂದೂಕಿನ ಗುಂಡಿನ ಥರ ದುಂಡಗಿತ್ತು, ಬುಲ್‌ನೋಸ್ ಮಾರಿಸ್, ಅಂದ್ರೆ ಗೂಳಿ ಮೂತಿಯ ಮಾರಿಸ್ ಕಾರು! 1913ರಲ್ಲಿ ಬಂದ ಮೂತಿ ಇದು, 1926ರಲ್ಲಿ ಹೋಯ್ತು, ಆಮೇಲೆ ಬಂದಿದ್ದು ಚಪ್ಪಟೆ.

ಆದ್ರೂ ಒಂದ್ಸಲ ಆಸ್ಟಿನ್ ಅಂದು ಮರ್ಯಾದೆ ಕಳ್ಕೊಂಡಿದ್ನಲ್ಲ, ಸ್ಕ್ಯಾನ್ ಮಾಡಿ ದೊಡ್ಡದು ಮಾಡ್ತಾ ಹೋದೆ, ರೇಡಿಯೇಟರ್ ಬ್ಯಾಡ್ಜಲ್ಲಿ ಮಸುಕಾಗಿ ಏನೋ ನಾಲ್ಕು ಕಾಲಿನ ಪ್ರಾಣಿ, ಕೆಳಗೆ ಅಲೆ ಅಲೆ ಗೆರೆ. ಎತ್ತು ಹೊಳೆ ದಾಟ್ತಿದೆ! ಆಕ್ಸ್ ಅಂದ್ರೆ ಎತ್ತು, ಫೋರ್ಡ್ ಅಂದ್ರೆ ಹೊಳೆ ದಾಟೋ ಜಾಗ, ಈ ಊರಿನ ಗುರುತೇ ಅದು, ಇಷ್ಟು ವರ್ಷ ಇಲ್ಲಿದ್ದು ನಂಗೆ ಹೊಳೆದಿರಲೇ ಇಲ್ಲ. ಕಾರು ತಯಾರಾಗಿದ್ದೂ ಇಲ್ಲೇ ಕೌಲಿಯಲ್ಲಿ, ಈಗ ಮಿನಿ ಕಾರು ಮಾಡ್ತಾರಲ್ಲ ಆ ಕಡೆ.

ವರ್ಷ ಹೇಗಪ್ಪಾ ಹಿಡಿಯೋದು? ನಂಬರ್ ಪ್ಲೇಟ್ ನೋಡೋಣ ಅಂದ್ರೆ ಅದ್ರ ಮುಂದೆನೇ ನಾಯಿ ಕೂತಿದೆ, ಕಾಣೋದು ಎಫ್‌ಸಿ ಅನ್ನೋ ಎರಡಕ್ಷರ ಮಾತ್ರ, ಅದು ಆಕ್ಸ್‌ಫರ್ಡ್ ರಿಜಿಸ್ಟ್ರೇಷನ್ನು. ಆದ್ರೆ ಗಾಜಿನ ಮೂಲೇಲಿ ದುಂಡಗೆ ಒಂದು ಚೀಟಿ ಇತ್ತು. ಟ್ಯಾಕ್ಸ್ ಡಿಸ್ಕು, ಅಂದ್ರೆ ಗಾಡಿ ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ಗಾಜಿಗೆ ಹಾಕ್ತಿದ್ದ ಚೀಟಿ! ಅದು ಶುರುವಾಗಿದ್ದೇ 1921ರ ಜನವರಿಯಿಂದ. ಅದೇ ವರ್ಷ ಫೆಬ್ರವರಿಯಲ್ಲಿ ಮಾರಿಸ್‌ನೋರು ನಾಲ್ಕು ಸೀಟಿನ ಕೌಲಿ ಮಾಡೆಲ್ ರೇಟನ್ನ 525 ಪೌಂಡಿಂದ 425ಕ್ಕೆ ಇಳಿಸಿದ್ರು, ಬೇಕರಿ ಇಟ್ಟಿದ್ದ ತಾತ ಕಾರು ತಗೊಂಡಿದ್ದಕ್ಕೆ ಅದೇ ಕಾರಣ ಅಂತ ನನ್ನ ಗುಮಾನಿ.

ಫೋಟೋ ಹಿಂದೆ ಪೆನ್ಸಿಲಲ್ಲಿ "ಬುಲ್‌ನೋಸ್ ಮಾರಿಸ್, 1921ರಿಂದ 26ರೊಳಗೆ" ಅಂತ ಬರೆದುಕೊಟ್ಟೆ. ಅಜ್ಜಿ ಕನ್ನಡಕ ಹಾಕ್ಕೊಂಡು ಓದಿ, ನಾಯಿ ಹೆಸರೂ ಬರಿ ಅಂದ್ರು.