ಸೌಂಡ್ಸ್ ಗಾಡಿಗೆ ಕ್ಲೋಸ್ಡ್ ಬಾಡಿ ಕಟ್ಟಿಸಿದ್ದು

ಪತ್ತನಾಜೆ, ಅಂದರೆ ತುಳುನಾಡಿನಲ್ಲಿ ನೇಮ-ಆಟಗಳ ಸೀಸನ್ ಮುಗಿಯುವ ದಿನ, ಕಳೆದು ಕೆಲಸ ಕಡಿಮೆಯಾದ ಮೇಲೆ ಅಣ್ಣನೂ ನಾನೂ ಗಾಡಿ ನೋಡಲು ಹೊರಟೆವು. ಅಣ್ಣನದು ಸೌಂಡ್ಸ್ ಮತ್ತು ಲೈಟಿಂಗ್ಸ್. ಮದುವೆ, ಭೂತದ ನೇಮ, ಯಕ್ಷಗಾನದ ಆಟ, ಎಲ್ಲಿ ಕರೆದರೂ ಹೋಗಬೇಕು. ಹಳೇ ಗಾಡಿಯ ಹಿಂದೆ ಕಟ್ಟಿಸಿದ್ದ ಮುಚ್ಚಿದ ಡಬ್ಬ ಎರಡೇ ಮಳೆಗಾಲಕ್ಕೆ ಸೋರಿ, ಒಂದು ಆಂಪ್ಲಿಫೈಯರ್, ಎರಡು ಬೇಸ್ ಬಾಕ್ಸ್ ಹಾಳಾಗಿದ್ದವು. ಈ ಸಲ ಅವಸರ ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ದೆವು.

ಟಾಟಾ ಏಸ್ 2005ರಿಂದ ಉಂಟು, ಯಾವ ಊರಿನ ಮೆಕ್ಯಾನಿಕ್ಕಿಗೂ ಗೊತ್ತು. ಆದರೆ ಏಸ್ ಗೋಲ್ಡ್ ಪೆಟ್ರೋಲ್ 694 ಸಿಸಿ, ಎರಡು ಸಿಲಿಂಡರ್, ಹೊರುವುದು 750 ಕೆಜಿ. ತುಂಬಾ ಜನ ಮರೆಯುವುದು ಇಲ್ಲೇ ಮಾರಾಯ್ರೆ, ನಾವು ಕಟ್ಟಿಸುವ ಡಬ್ಬದ ತೂಕವೂ ಆ ಲೆಕ್ಕದೊಳಗೇ ಬರಬೇಕು. ಕಬ್ಬಿಣದ ಫ್ರೇಮು, ಶೀಟು, ಒಳಗೆ ಪ್ಲೈವುಡ್ ಅಂತ ಸೇರಿಸುತ್ತಾ ಹೋಗಿ ಮೇಲೆ ಜನರೇಟರ್ ಬೇರೆ ಇಟ್ಟರೆ ಸ್ಪೀಕರಿಗೆ ಉಳಿಯುವುದೆಷ್ಟು? ಮಾರುತಿ ಸೂಪರ್ ಕ್ಯಾರಿಯ 1.2 ಲೀಟರ್ ನಾಲ್ಕು ಸಿಲಿಂಡರ್ ಇಂಜಿನ್ ಓಡಿಸಲು ತುಂಬಾ ಹಿತ, ತೂಕದ ಕಥೆ ಮಾತ್ರ ಹೆಚ್ಚುಕಡಿಮೆ ಅದೇ. ಬೊಲೆರೊ ಪಿಕಪ್ ಗಟ್ಟಿ, ಆದರೆ ನಮಗೆ ಅಷ್ಟು ದೊಡ್ಡದು ಬೇಡವಿತ್ತು. ಕೊನೆಗೆ ಉಳಿದದ್ದು 1300 ಕೆಜಿ ಹೊರುವ ಟಾಟಾ ಇಂಟ್ರಾ ವಿ30 ಮತ್ತು 1500 ಕೆಜಿ ಹೊರುವ ಅಶೋಕ್ ಲೇಲ್ಯಾಂಡ್ ದೋಸ್ತ್ ಪ್ಲಸ್. ಸೋಮೇಶ್ವರ ದಾಟಿ ಆಗುಂಬೆ ಘಾಟಿಯ 14 ತಿರುವು ಹತ್ತುವಾಗ ಹೊರುವ ಶಕ್ತಿಯ ಅಂಚಿನಲ್ಲಿ ಇರಬಾರದು ಅಂತ ಅಣ್ಣ ದೋಸ್ತ್ ಆರಿಸಿದ. ನನಗೂ ಅದೇ ಸರಿ ಅನ್ನಿಸಿತು.

ಗಾಡಿಗಿಂತ ಜಾಸ್ತಿ ದಿನ ಹಿಡಿದದ್ದು ಬಾಡಿ. ಉಡುಪಿಯ ಮಳೆ, ಮೇಲಿಂದ ಸಮುದ್ರದ ಉಪ್ಪುಗಾಳಿ. ಮರವಂತೆಯಲ್ಲಿ ರಸ್ತೆಯ ಪಕ್ಕದಲ್ಲೇ ಕಡಲು, ಅಲ್ಲಿ ಎತ್ತರದ ಡಬ್ಬಕ್ಕೆ ಗಾಳಿ ಹೇಗೆ ಹೊಡೆಯುತ್ತದೆ ಅಂತ ಓಡಿಸಿದವರಿಗೇ ಗೊತ್ತು. ಅದಕ್ಕೇ ಎರಡು ಬಾಕ್ಸ್ ಒಂದರ ಮೇಲೊಂದು ನಿಲ್ಲುವಷ್ಟೇ ಎತ್ತರ ಹೇಳಿದೆವು. ನಾಲ್ಕು ಕಡೆ ವಿಚಾರಿಸಿದೆವು. ಎಲ್ಲರೂ ಶೀಟಿನ ದಪ್ಪ ಹೇಳುತ್ತಾರೆ, ಜೋಡಣೆ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅಲ್ಯೂಮಿನಿಯಂ ಶೀಟನ್ನು ಕಬ್ಬಿಣದ ಫ್ರೇಮಿಗೆ ನೇರ ರಿವಿಟ್ ಹೊಡೆದರೆ ಉಪ್ಪಿನ ತೇವ ಸೇರಿ, ಎರಡೂ ತಾಗುವ ಜಾಗದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ನಮ್ಮ ಹಳೇ ಡಬ್ಬ ಹೋದದ್ದೂ ಹಾಗೆಯೇ. ನಡುವೆ ರಬ್ಬರ್ ಪಟ್ಟಿ ಇರಲೇಬೇಕು. ಬಾಗಿಲ ಮೇಲೆ ನೀರು ಪಕ್ಕಕ್ಕೆ ಹೋಗಲು ಸಣ್ಣ ದಂಬೆ (ನೀರು ಹರಿಯುವ ತೋಡು) ಬೇಕು. ರೂಫಿನ ಶೀಟು ಅಂಚಿನಲ್ಲಿ ಕೆಳಕ್ಕೆ ಮಡಚಿರಬೇಕು, ಸುಮ್ನೆ ಸಿಲಿಕಾನ್ ಬಳಿದರೆ ಸಾಲದು. ಇದನ್ನೆಲ್ಲ ಕೇಳಿದ್ದಕ್ಕೆ ಒಬ್ಬರು ಸಿಟ್ಟಾದರು. ಇನ್ನೊಬ್ಬರು ಅರ್ಧ ಕಟ್ಟಿದ ಗಾಡಿಯನ್ನೇ ತೋರಿಸಿ, "ಕೈ ಹಾಕಿ ನೋಡಿ" ಅಂದರು. ಕೆಲಸ ಅವರಿಗೇ ಕೊಟ್ಟೆವು. ಆರ್‌ಸಿಯಲ್ಲಿ ಕ್ಲೋಸ್ಡ್ ಬಾಡಿ ಅಂತಲೇ ಬರಬೇಕು ಅಂತ ಮೊದಲೇ ಹೇಳಿಟ್ಟೆವು.

ಗಾಡಿ ತರುವ ದಿನ ನಾನು ಒಳಗೆ ಕೂತೆ. ಬಾಗಿಲು ಹಾಕಿ ಅಣ್ಣ ಹೊರಗಿಂದ ಪೈಪು ಹಿಡಿದು ಹತ್ತು ನಿಮಿಷ ನೀರು ಬಿಟ್ಟ. ಕತ್ತಲೆಯಲ್ಲಿ ಮೊಬೈಲ್ ಟಾರ್ಚ್ ಹಾಕಿ ಪ್ರತಿ ಮೂಲೆ ನೋಡಿದೆ. ಎಡಗಡೆಯ ಮೇಲಿನ ಹಿಂಜಿನ ಹತ್ತಿರ ಒಂದು ಹನಿ ನಿಂತಿತ್ತು, ಒಂದೇ ಹನಿ. ತೋರಿಸಿದ ಕೂಡಲೇ ಅವರು ಒಂದು ಮಾತೂ ಆಡದೆ ಬಾಗಿಲು ಬಿಚ್ಚಿ ಅಂಚಿನ ರಬ್ಬರ್ ಬೀಡಿಂಗ್ ಮತ್ತೆ ಕೂರಿಸಿದರು. ಸಂಜೆ ಇನ್ನೊಮ್ಮೆ ನೀರು ಬಿಟ್ಟು ನೋಡಿಯೇ ಮನೆಗೆ ತಂದೆವು.